ಮಾರ್ಡಿ ಗ್ರಾ ಮೆರವಣಿಗೆಗೆ ಮೊದಲ ಸಲ: ಮಣಿಸರ ಹಿಡಿಯಲು ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್‌ನಲ್ಲಿ ನೆಲೆಸಿದ್ದೇವೆ. ಕ್ರೈಸ್ತರ ಲೆಂಟ್ ವ್ರತ ಶುರುವಾಗುವ ಹಿಂದಿನ ದಿನದ ಹಬ್ಬವಾದ ಮಾರ್ಡಿ ಗ್ರಾ 2027ರಲ್ಲಿ ಫೆಬ್ರವರಿ 9ರ ಮಂಗಳವಾರ ಬರುತ್ತದೆ. ಅದಕ್ಕೆ ಮುಂಚಿನ ಗುರುವಾರದಿಂದ ಹಬ್ಬದ ದಿನದವರೆಗೆ ನ್ಯೂ ಆರ್ಲಿನ್ಸ್‌ನಲ್ಲಿರಬೇಕೆಂದು ಯೋಚಿಸಿದ್ದೇವೆ. ಅಲ್ಲಿಯ ಮೆರವಣಿಗೆಯಲ್ಲಿ ವಾಹನಗಳ ಮೇಲಿನಿಂದ ಎಸೆದಾಗ ಹಿಡಿದ ಮಣಿಸರ ಮತ್ತು ನಾಣ್ಯಗಳನ್ನು ಗೆಳತಿಯೊಬ್ಬಳು ಶಾಲೆಗೆ ತಂದು ತೋರಿಸಿದಂದಿನಿಂದ ನಮ್ಮ ಎಂಟು ವರ್ಷದ ಮಗಳ ಬಾಯಲ್ಲಿ ಬೇರೆ ಮಾತಿಲ್ಲ. ಆ ಹೊತ್ತಿಗೆ ದಾವಣಗೆರೆಯಿಂದ ನಮ್ಮ ಅತ್ತೆ ಮಾವನವರೂ ಬಂದಿರುತ್ತಾರೆ. ಬೌರ್ಬನ್ ಸ್ಟ್ರೀಟಿನ ಕುಡಿತ, ಕೂಗಾಟದ ವಿಡಿಯೊಗಳನ್ನು ನೋಡಿ ನನಗೆ ಹಿಂಜರಿಕೆಯಾಗಿದೆ. ಮಗುವನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಬಹುದೇ? ಎಲ್ಲಿ ನಿಂತರೆ ಮಗುವಿನ ಕೈಗೆ ಏನಾದರೂ ಸಿಕ್ಕೀತು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಹ್ಯೂಸ್ಟನ್‌ನಿಂದ

ನಾವು ಏಳು ಸಲ ಹೋಗಿದ್ದೇವೆ, ಅದರಲ್ಲಿ ಐದು ಸಲ ಮಕ್ಕಳೊಂದಿಗೆ. ಮೊದಲು ಬೌರ್ಬನ್ ಸ್ಟ್ರೀಟಿನ ಭಯವನ್ನು ಬಿಡಿ. ಅದು ಇರುವ ಫ್ರೆಂಚ್ ಕ್ವಾರ್ಟರ್ ಎಂಬ ಹಳೆಯ ಬಡಾವಣೆಯ ಇಕ್ಕಟ್ಟಾದ ಬೀದಿಗಳಲ್ಲಿ ಬೆಂಕಿ ಹೊತ್ತಿಕೊಂಡರೆ ಅನಾಹುತವಾದೀತೆಂದು 1970ರ ದಶಕದಲ್ಲಿಯೇ ದೊಡ್ಡ ಮೆರವಣಿಗೆಗಳಿಗೆ ಅಲ್ಲಿ ತಡೆ ಹಾಕಲಾಗಿದೆ. ನೀವು ನೋಡಬೇಕಾದ ಮೆರವಣಿಗೆಗಳಲ್ಲಿ ಹೆಚ್ಚಿನವು ಸೇಂಟ್ ಚಾರ್ಲ್ಸ್ ಅವೆನ್ಯೂ ಮೇಲೆ, ದೊಡ್ಡ ದೊಡ್ಡ ಓಕ್ ಮರಗಳ ನೆರಳಿನಲ್ಲಿ, ಅಜ್ಜಿ ಅಜ್ಜಂದಿರು ಮೊಮ್ಮಕ್ಕಳೊಂದಿಗೆ ಕುರ್ಚಿ ಹಾಕಿಕೊಂಡು ಕುಳಿತಿರುವ ದಾರಿಯಲ್ಲಿ ಸಾಗುತ್ತವೆ. ನೆಪೋಲಿಯನ್ ಅವೆನ್ಯೂ ಕೂಡುವ ಜಾಗದಿಂದ ಸ್ವಲ್ಪ ಮುಂದೆ ನಿಲ್ಲುವುದು ನಮ್ಮ ರೂಢಿ. ಅಲ್ಲಿ ಕುಟುಂಬಗಳೇ ಹೆಚ್ಚು. ಮೆರವಣಿಗೆ ಆಗಷ್ಟೇ ಹೊರಟಿರುವುದರಿಂದ ಫ್ಲೋಟ್, ಅಂದರೆ ತೇರಿನಂತೆ ಸಿಂಗರಿಸಿದ ವಾಹನದ ಮೇಲಿರುವವರ ಕೈಗಳು ಇನ್ನೂ ದಣಿದಿರುವುದಿಲ್ಲ, ಚೀಲಗಳೂ ಬರಿದಾಗಿರುವುದಿಲ್ಲ.

ಊರಿನವರ ಎರಡು ಮಾತುಗಳನ್ನು ಕಲಿತುಕೊಂಡು ಹೋಗಿ. ರಸ್ತೆಯ ನಡುವೆ ಟ್ರಾಮ್ ಹಳಿ ಇರುವ ಹುಲ್ಲಿನ ಪಟ್ಟಿಗೆ ಅವರು ‘ನ್ಯೂಟ್ರಲ್ ಗ್ರೌಂಡ್’ ಎನ್ನುತ್ತಾರೆ. ಮನೆಗಳಿರುವ ಬದಿಗೆ ‘ಸೈಡ್‌ವಾಕ್ ಸೈಡ್’ ಎನ್ನುತ್ತಾರೆ. ಫ್ಲೋಟ್ ಏರುವ ಪರಿಚಯದವರು ಯಾರಾದರೂ ಇದ್ದರೆ, ತಾವು ಯಾವ ಬದಿಯಲ್ಲಿ, ಎಷ್ಟನೆಯ ಫ್ಲೋಟಿನಲ್ಲಿ ಇರುತ್ತೇವೆಂದು ಈ ಮಾತುಗಳಲ್ಲಿಯೇ ಹೇಳುತ್ತಾರೆ. ನ್ಯೂಟ್ರಲ್ ಗ್ರೌಂಡಿನಲ್ಲಿ ಜಾಗ ವಿಶಾಲವಾಗಿದ್ದರೂ ಜನಸಂದಣಿ ಜಾಸ್ತಿ. ಏಣಿಯ ತುದಿಗೆ ಪುಟ್ಟ ಮರದ ಪೀಠ ಜೋಡಿಸಿ ಮಕ್ಕಳನ್ನು ಕೂರಿಸುವವರು ಅಲ್ಲಿ ಸಾಲುಗಟ್ಟಿರುತ್ತಾರೆ. ಏಣಿ ಎಷ್ಟು ಅಡಿ ಎತ್ತರವಿದೆಯೋ ಅಷ್ಟು ಅಡಿ ರಸ್ತೆಯಂಚಿನಿಂದ ಹಿಂದಕ್ಕಿರಬೇಕೆಂಬ ನಿಯಮವಿದೆ, ಮತ್ತು ಏಣಿಯ ಹಿಂದೆ ದೊಡ್ಡವರೊಬ್ಬರು ಸದಾ ನಿಂತಿರಬೇಕು.

ಇನ್ನು ಹಿಡಿಯುವ ವಿಷಯ. ನಮ್ಮ ಜಾತ್ರೆಯಲ್ಲಿ ತೇರು ಎಳೆಯುವಾಗ ಜನರು ಬಾಳೆಹಣ್ಣು, ಉತ್ತತ್ತಿಗಳನ್ನು ಕೆಳಗಿನಿಂದ ತೇರಿಗೆ ಎಸೆಯುತ್ತಾರಲ್ಲ, ಇಲ್ಲಿ ಅದು ತಿರುಗುಮುರುಗಾಗಿದೆ: ತೇರಿನ ಮೇಲಿರುವವರು ಕೆಳಗಿರುವವರಿಗೆ ಎಸೆಯುತ್ತಾರೆ. ನಿಮ್ಮ ಮಾವನವರಿಗೆ ಹೀಗೆ ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ. ಎಸೆಯುವ ಸಾಮಾನಿಗೆಲ್ಲ ‘ಥ್ರೋ’ ಎಂದೇ ಹೆಸರು. ‘ಥ್ರೋ ಮಿ ಸಮ್‌ಥಿಂಗ್, ಮಿಸ್ಟರ್!’ ಎಂಬ ಕೂಗು ಅಲ್ಲಿಯ ಮಕ್ಕಳಿಗೆ ಹಾಲು ಕುಡಿಯುವಾಗಲೇ ಬಂದಿರುತ್ತದೆ. ನಿಮ್ಮ ಮಗಳಿಗೂ ಕಲಿಸಿ. ಆದರೆ ಎಲ್ಲರೂ ಅದನ್ನೇ ಕೂಗುತ್ತಿರುವಾಗ ಕೂಗಿಗಿಂತ ನೋಟವೇ ಹೆಚ್ಚು ಕೆಲಸ ಮಾಡುತ್ತದೆ. ಫ್ಲೋಟ್ ಮೇಲಿನ ಒಬ್ಬರನ್ನು ಆರಿಸಿಕೊಂಡು, ಮುಖವಾಡದ ಹಿಂದಿನ ಅವರ ಕಣ್ಣನ್ನೇ ನೋಡುತ್ತಾ ಕೈ ಎತ್ತಬೇಕು. ಅವರು ನಿಮ್ಮತ್ತ ಬೆರಳು ತೋರಿಸಿ ‘ನಿನಗೇ’ ಎಂದು ಸನ್ನೆ ಮಾಡಿ ಎಸೆದದ್ದು ನಿಮ್ಮ ಅಂಗೈಗೆ ಬಂದು ಬಿದ್ದಾಗ ಆಗುವ ಸಂತೋಷ, ನೂರು ಸರಗಳು ತಲೆಯ ಮೇಲೆ ಸುರಿದರೂ ಆಗುವುದಿಲ್ಲ.

ಮೊದಲ ವರ್ಷ ನಾನು ಫೋನ್ ಎತ್ತಿ ವಿಡಿಯೊ ತೆಗೆಯುತ್ತಿದ್ದಾಗ ಗಂಟು ಬಿಚ್ಚದ ಮಣಿಸರದ ಕಟ್ಟೊಂದು ಕೆನ್ನೆಗೆ ಬಡಿದು ಎರಡು ದಿನ ಊದಿಕೊಂಡಿತ್ತು. ಆದ್ದರಿಂದ ಫ್ಲೋಟ್ ಹತ್ತಿರ ಬಂದಾಗ ಫೋನ್ ಜೇಬಿನಲ್ಲಿರಲಿ, ಮುಖ ಫ್ಲೋಟಿನ ಕಡೆಗಿರಲಿ. ಬೆನ್ನು ಹಾಕಿ ಮಾತಾಡುತ್ತಾ ನಿಲ್ಲುವುದು ಬೇಡ. ನೆಲಕ್ಕೆ ಬಿದ್ದದ್ದನ್ನು ಕೈಹಾಕಿ ಎತ್ತುವ ಮೊದಲು ಪಾದ ಇಟ್ಟು ಅದುಮಿಕೊಳ್ಳಬೇಕು, ಇಲ್ಲವಾದರೆ ಬೆರಳು ಬೇರೆಯವರ ಕಾಲಡಿ ಸಿಗುತ್ತದೆ. ಫ್ಲೋಟ್ ಕಡೆಗೆ ಉರುಳಿದ್ದು ಎಷ್ಟೇ ಚೆಂದವಿದ್ದರೂ ಅದರ ಆಸೆ ಬಿಡಬೇಕು. 2020ರಲ್ಲಿ, ಒಂದಕ್ಕೊಂದು ಜೋಡಿಸಿ ಎಳೆಯುತ್ತಿದ್ದ ಫ್ಲೋಟುಗಳಿಗೆ ಸಿಲುಕಿ ಒಂದೇ ವಾರದಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ಈ ಒಂದು ವಿಷಯದಲ್ಲಿ ಮಗಳಿಗೆ ಕಟ್ಟುನಿಟ್ಟಾಗಿ ಹೇಳಿಕೊಂಡೇ ಕರೆದೊಯ್ಯಿರಿ.

ಅಟ್ಲಾಂಟಾದಿಂದ

ಹಿರಿಯರ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ಎಪ್ಪತ್ತೊಂದು ವರ್ಷದ ನಮ್ಮ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ಸೈಡ್‌ವಾಕ್ ಬದಿಯೇ ಅವರಿಗೆ ಅನುಕೂಲ. ಮಡಚುವ ಕುರ್ಚಿ, ಶಾಲು, ಫ್ಲಾಸ್ಕಿನಲ್ಲಿ ಬಿಸಿನೀರು ಜೊತೆಗಿರಲಿ, ಏಕೆಂದರೆ ಫೆಬ್ರವರಿಯಲ್ಲಿ ಬೆಳಿಗ್ಗೆ ಬೆವರುವಂತಿದ್ದು ರಾತ್ರಿ ನಡುಗುವಂತಾಗಬಹುದು. ಶೌಚಾಲಯವೇ ಅಲ್ಲಿಯ ದೊಡ್ಡ ಕಷ್ಟ. ದಾರಿಯಲ್ಲಿರುವ ಕೆಲವು ಚರ್ಚುಗಳು, ಶಾಲೆಗಳು ಹಣ ಪಡೆದು ಕೈಗೆ ಪಟ್ಟಿ ಕಟ್ಟಿ ದಿನವಿಡೀ ಶೌಚಾಲಯ ಬಳಸಲು ಬಿಡುತ್ತವೆ; ಅದನ್ನು ಮೊದಲೇ ವಿಚಾರಿಸಿಕೊಂಡು ಅದರ ಸಮೀಪವೇ ಜಾಗ ಹಿಡಿಯಿರಿ. ಮೆರವಣಿಗೆಯ ಹೊತ್ತಿನಲ್ಲಿ ಸೇಂಟ್ ಚಾರ್ಲ್ಸ್ ಟ್ರಾಮ್ ಓಡುವುದಿಲ್ಲ, ರಸ್ತೆ ದಾಟಿ ಕಾರು ತೆಗೆಯಲೂ ಆಗುವುದಿಲ್ಲ. ಹೀಗಾಗಿ ನಡೆದು ಸೇರಬಹುದಾದ ದೂರದಲ್ಲಿ ವಸತಿ ಸಿಕ್ಕರೆ ದುಬಾರಿಯಾದರೂ ಒಪ್ಪಿಕೊಳ್ಳಿ.

ಅಮ್ಮನಿಗೆ ಕೂಗಲು ಸಂಕೋಚ. ಸೀರೆಯ ಮೇಲೆ ಸ್ವೆಟರ್ ತೊಟ್ಟು ಸುಮ್ಮನೆ ಕುಳಿತಿದ್ದರು. ಒಂದು ಫ್ಲೋಟ್ ನಮ್ಮೆದುರಿಗೆ ಬಂದು ನಿಂತಾಗ ಕೆಳ ಅಂತಸ್ತಿನ ಮುಖವಾಡಧಾರಿಯೊಬ್ಬರು ಸುತ್ತಲಿನವರನ್ನೆಲ್ಲ ಬಿಟ್ಟು, ಬಾಗಿ, ಅಮ್ಮನತ್ತ ಕೈತೋರಿಸಿ, ಒಂದು ಹತ್ತಿಯ ಗೊಂಬೆಯನ್ನು ಕೈಯಿಂದ ಕೈಗೆ ದಾಟಿಸಿ ಅವರವರೆಗೆ ತಲುಪಿಸಿದರು. ನಡುವೆ ನಿಂತಿದ್ದ ಐದಾರು ಅಪರಿಚಿತರಲ್ಲಿ ಒಬ್ಬರೂ ಅದನ್ನು ಇಟ್ಟುಕೊಳ್ಳಲಿಲ್ಲ. ಆಮೇಲಿನ ಎಲ್ಲ ಫ್ಲೋಟುಗಳಿಗೂ ಅಮ್ಮ ಎದ್ದು ನಿಂತರು. ಆ ಗೊಂಬೆ ಈಗ ತೀರ್ಥಹಳ್ಳಿಯ ಮನೆಯ ಶೋಕೇಸಿನಲ್ಲಿದೆ.

ನ್ಯೂ ಆರ್ಲಿನ್ಸ್‌ನಿಂದ

ನಾನು ಈ ಊರಿನಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇನೆ, ಮತ್ತು ಒಮ್ಮೆ ಫ್ಲೋಟ್ ಏರಿದ್ದೇನೆ. ಆದ್ದರಿಂದ ಮೇಲಿನಿಂದ ಏನು ಕಾಣುತ್ತದೆ ಎಂಬುದನ್ನು ಹೇಳುತ್ತೇನೆ. ಮೆರವಣಿಗೆ ನಡೆಸುವ ಮಂಡಳಿಗಳಿಗೆ ‘ಕ್ರೂ’ ಎಂದು ಹೆಸರು. ಎಸೆಯುವ ಸಾಮಾನನ್ನು ಸದಸ್ಯರು ತಮ್ಮ ಸ್ವಂತ ಹಣದಿಂದ ಕೊಳ್ಳುತ್ತಾರೆ. ಮುಖವಾಡ ತೊಡುವುದು ಕಾನೂನಿನ ಪ್ರಕಾರ ಕಡ್ಡಾಯ, ಬೀಳದಂತೆ ಸೊಂಟಕ್ಕೆ ಪಟ್ಟಿ ಬಿಗಿದಿರುತ್ತಾರೆ. ಮೇಲಿನಿಂದ ನೋಡಿದರೆ ಸಾವಿರಾರು ಅಂಗೈಗಳು ಕಾಣುತ್ತವೆ, ಮುಖಗಳು ಕಾಣುವುದಿಲ್ಲ. ಅದರ ನಡುವೆ ಹಳದಿ ರಟ್ಟಿನ ಮೇಲೆ ‘ಇಂದು ನನ್ನ ಹುಟ್ಟುಹಬ್ಬ’ ಎಂದು ಬರೆದು ಹಿಡಿದಿದ್ದ ಹುಡುಗನೊಬ್ಬ ಕಂಡ; ನನ್ನ ಚೀಲದಲ್ಲಿದ್ದ ಅತ್ಯುತ್ತಮ ವಸ್ತು ಅವನಿಗೇ ಹೋಯಿತು. ಎದ್ದು ಕಾಣುವ ಬಣ್ಣದ ಟೋಪಿ, ದೊಡ್ಡ ಅಕ್ಷರದ ಫಲಕ, ನಗುಮುಖ, ಇಷ್ಟು ಸಾಕು. ಹಿಡಿದ ತಕ್ಷಣ ಎದೆಗೆ ಒತ್ತಿಕೊಂಡು ಮೇಲೆ ನೋಡಿ ಥ್ಯಾಂಕ್ಸ್ ಹೇಳುವ ಮಗುವಿಗೆ ಎರಡನೆಯದನ್ನೂ ಎಸೆಯಬೇಕೆನಿಸುತ್ತದೆ.

ಅಮೂಲ್ಯವೆಂದು ಎಲ್ಲರೂ ಕಾಯುವ ವಸ್ತುಗಳು ಬೇರೆಯೇ ಇವೆ. 2001ರಿಂದ ಮೆರವಣಿಗೆ ಹೊರಡಿಸುತ್ತಿರುವ ಮಹಿಳೆಯರದೇ ಆದ ಮ್ಯೂಸಸ್ ಕ್ರೂ, ಹಬ್ಬಕ್ಕೆ ಮುಂಚಿನ ಗುರುವಾರ ಬರುತ್ತದೆ. ಅದರ ಸದಸ್ಯೆಯರು ತಿಂಗಳುಗಟ್ಟಲೆ ಕೂತು ಹಳೆಯ ಹೈ ಹೀಲ್ ಚಪ್ಪಲಿಗಳಿಗೆ ಅಂಟು ಹಚ್ಚಿ, ಮಿನುಗುಪುಡಿ ಮೆತ್ತಿ ಸಿಂಗರಿಸಿರುತ್ತಾರೆ. ಅದನ್ನು ಎಸೆಯುವುದಿಲ್ಲ, ಆರಿಸಿದವರ ಕೈಗೇ ಕೊಡುತ್ತಾರೆ. ಮಾರ್ಡಿ ಗ್ರಾ ದಿನ ಬೆಳಿಗ್ಗೆ ಬರುವ ಜುಲು ಕ್ಲಬ್ಬಿನ ಬಣ್ಣ ಬಳಿದ ತೆಂಗಿನಕಾಯಿ ಇನ್ನೂ ಪ್ರಸಿದ್ಧ. ಕಪ್ಪು ಜನಾಂಗದವರು ಕಟ್ಟಿದ ಈ ಕ್ಲಬ್ 1909ರಿಂದ ಬೀದಿಗಿಳಿದಿದೆ. ದುಬಾರಿ ಮಣಿಸರ ಕೊಳ್ಳಲಾಗದವರು ಮಾರುಕಟ್ಟೆಯ ತೆಂಗಿನಕಾಯಿಯನ್ನು ಹಂಚಿದ್ದು ಆ ಸಂಪ್ರದಾಯದ ಆರಂಭವೆಂದು ಇಲ್ಲಿಯವರು ಹೇಳುತ್ತಾರೆ. ಮುಂದೆ ಅದು ಜನರ ತಲೆಗೆ ಬಿದ್ದು ಗಾಯಗಳಾಗಿ, ದಾವೆಗಳಾಗಿ, ವಿಮೆಯೇ ಸಿಗದಂತಾದಾಗ, 1988ರಲ್ಲಿ ಲೂಸಿಯಾನಾ ಸರ್ಕಾರ ತೆಂಗಿನಕಾಯಿಗೆಂದೇ ಒಂದು ಕಾನೂನು ಮಾಡಿತು. ಅಂದಿನಿಂದ ಅದನ್ನು ಎಸೆಯದೆ ಕೈಗೆ ಕೊಡುತ್ತಾರೆ. ಜುಲು ಹಿಂದೆಯೇ 1872ರಲ್ಲಿ ಆರಂಭವಾದ ರೆಕ್ಸ್ ಎಂಬ ಕ್ರೂ ಬರುತ್ತದೆ. ನಿಮ್ಮ ಮಗಳ ಗೆಳತಿ ತೋರಿಸಿದ ನಾಣ್ಯದ ಹೆಸರು ಡಬ್ಲೂನ್. ಹಗುರವಾದ ಅಲ್ಯುಮಿನಿಯಂನಲ್ಲಿ ಅದನ್ನು 1960ರಲ್ಲಿ ಮೊದಲು ಎಸೆದದ್ದು ರೆಕ್ಸ್. ಅದರ ಮೇಲೆ ಇಸವಿ ಮುದ್ರಿಸಿರುವುದರಿಂದ ಮಕ್ಕಳು ವರ್ಷವಾರು ಜೋಡಿಸಿಡಲು ಅದಕ್ಕಿಂತ ಚೆಂದದ ವಸ್ತು ಇನ್ನೊಂದಿಲ್ಲ.

ಎಂಟು ವರ್ಷದ ಮಗುವಿಗೆ ಗುರುವಾರದ ಮ್ಯೂಸಸ್ ಮತ್ತು ಮಂಗಳವಾರ ಬೆಳಗಿನ ರೆಕ್ಸ್ ಸಾಕು ಎಂಬುದು ನನ್ನ ಅಭಿಪ್ರಾಯ. ಶನಿವಾರದ ಎಂಡಿಮಿಯನ್ ಬಹಳ ದೊಡ್ಡದು, ಆದರೆ ಅದರ ದಾರಿಯೇ ಬೇರೆ. ಮಿಡ್ ಸಿಟಿಯ ಆ ಜನಜಂಗುಳಿಗೆ ಹಿರಿಯರನ್ನು ಕರೆದೊಯ್ಯಬೇಡಿ.

ಬ್ಯಾಟನ್ ರೂಜ್‌ನಿಂದ

ಎಲ್ಲರೂ ಹಿಡಿಯುವುದನ್ನು ಹೇಳಿದರು, ಹಿಡಿದದ್ದನ್ನು ಏನು ಮಾಡಬೇಕೆಂಬುದನ್ನು ಹೇಳಬೇಕೆನಿಸಿತು. ಮೊದಲ ರಾತ್ರಿ ಬಿದ್ದದ್ದೆಲ್ಲವೂ ಬೇಕೆನಿಸುತ್ತದೆ, ಮರುದಿನ ಕಾರಿನ ಹಿಂಬದಿಯಲ್ಲಿ ಹದಿನೈದು ಕಿಲೊ ಪ್ಲಾಸ್ಟಿಕ್ ಇರುತ್ತದೆ. ಹಿಂದೆ ಬೊಹೇಮಿಯಾದ ಕಡೆಯಿಂದ ಗಾಜಿನ ಮಣಿಸರ ಬರುತ್ತಿದ್ದವು. ಈಗ ಬರುವ ಹೆಚ್ಚಿನವು ಚೀನಾದ ಅಗ್ಗದ ಪ್ಲಾಸ್ಟಿಕ್. 2018ರಲ್ಲಿ ಸೇಂಟ್ ಚಾರ್ಲ್ಸ್ ರಸ್ತೆಯ ಐದು ಬ್ಲಾಕುಗಳ ಮಳೆನೀರಿನ ಚರಂಡಿಯಿಂದಲೇ 46 ಟನ್ ಮಣಿಸರ ಹೊರತೆಗೆದರು. ಸ್ವಲ್ಪ ಮಳೆ ಬಂದರೂ ನೀರು ನಿಲ್ಲುವ ಊರಿಗೆ ಇದು ಸಣ್ಣ ಮಾತಲ್ಲ. ಸರಗಳಲ್ಲಿ ಸೀಸದ ಅಂಶವಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ, ಆದ್ದರಿಂದ ಮಗಳು ಮಣಿಯನ್ನು ಬಾಯಿಗೆ ಹಾಕದಂತೆ, ತಿನ್ನುವ ಮುಂಚೆ ಸೋಪು ಹಚ್ಚಿ ಕೈ ತೊಳೆಯುವಂತೆ ನೋಡಿಕೊಳ್ಳಿ.

ಇದರಿಂದ ಸಂತೋಷ ಕಡಿಮೆಯಾಗಬೇಕಿಲ್ಲ. ಫ್ರೆರೆಟ್ ಎಂಬ ಕ್ರೂ 2025ರಲ್ಲಿ ಪ್ಲಾಸ್ಟಿಕ್ ಮಣಿಸರವನ್ನೇ ನಿಲ್ಲಿಸಿತು, ಅದರ ಮುಂದೆಯೂ ಜನ ಅಷ್ಟೇ ಉತ್ಸಾಹದಿಂದ ಕೈಚಾಚುತ್ತಾರೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ: ರಾತ್ರಿ ಕೋಣೆಗೆ ಬಂದ ಮೇಲೆ ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದು, ಒಬ್ಬೊಬ್ಬರು ಮೂರು ಮಾತ್ರ ಆರಿಸಿಕೊಳ್ಳಬೇಕು, ಪ್ರತಿಯೊಂದೂ ತಮಗೆ ಹೇಗೆ ಸಿಕ್ಕಿತೆಂದು ಹೇಳಬೇಕು. ಯಾರು ಕೊಟ್ಟರೆಂದು ನೆನಪಿಲ್ಲದ ಸರಗಳು ತಾವಾಗಿಯೇ ಹೊರಗುಳಿಯುತ್ತವೆ. ಆರ್ಕ್ ಎಂಬ ಸಂಸ್ಥೆ ಅಂಥವನ್ನು ಸಂಗ್ರಹಿಸುತ್ತದೆ. ಬೌದ್ಧಿಕ ಅಂಗವೈಕಲ್ಯವುಳ್ಳವರು ಅವುಗಳನ್ನು ವಿಂಗಡಿಸಿ, ಕಟ್ಟು ಕಟ್ಟಿ, ಮುಂದಿನ ವರ್ಷದ ಫ್ಲೋಟುಗಳಿಗೆ ಮಾರಾಟಕ್ಕೆ ಸಿದ್ಧಪಡಿಸುತ್ತಾರೆ. ಸೋಮವಾರವೇ ಒಂದು ಗಟ್ಟಿ ಗೋಣಿಚೀಲವನ್ನು ಕಾರಿನಲ್ಲಿಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರುಗಳು ಆ ಭಾರಕ್ಕೆ ಹರಿದುಹೋಗುತ್ತವೆ.