ನಿರ್ವಾತ ಕುಲುಮೆಯಲ್ಲಿ ಕಾಯಿಸಿದ ಸ್ಟೇನ್‌ಲೆಸ್ ಸ್ಟೀಲ್ ಹಸಿರಾಗುವುದೇಕೆ?

ಪ್ರಶ್ನೆ:
ನಮ್ಮ ಪ್ರಯೋಗಾಲಯದ ನಿರ್ವಾತ ಕುಲುಮೆಯಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತುಂಡುಗಳನ್ನು 1050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇರಿಸಿ ತೆಗೆದಾಗ, ಹೊಳಪು ಹೋಗಿ ಮಂಕಾದ ಹಸಿರು ಛಾಯೆ ಕಾಣಿಸಿತು. ಒತ್ತಡಮಾಪಕ 10⁻³ ಮಿಲಿಬಾರ್ ತೋರಿಸುತ್ತಿತ್ತು. ಗಾಳಿಯನ್ನೇ ಹೊರತೆಗೆದ ಮೇಲೆ ಲೋಹ ಉತ್ಕರ್ಷಣಗೊಳ್ಳುವುದು ಹೇಗೆ? ತುಂಡುಗಳನ್ನಿಟ್ಟ ಅಲ್ಯೂಮಿನಾ ತಟ್ಟೆಯ ಅಂಚಿಗೂ ಬೂದುಬಣ್ಣದ ಪೊರೆಯೊಂದು ಅಂಟಿದೆ. ಇವೆರಡಕ್ಕೂ ಕಾರಣ ಒಂದೇ ಇರಬಹುದೇ?

ಮೊದಲ ಉತ್ತರ:
ಹಸಿರು ಬಣ್ಣ ಕ್ರೋಮಿಯಂ ಆಕ್ಸೈಡಿನದು. ನಿರ್ವಾತವೆಂದರೆ ಆಮ್ಲಜನಕವೇ ಇಲ್ಲವೆಂದಲ್ಲ, ಕಡಿಮೆ ಇದೆಯೆಂದಷ್ಟೇ. 10⁻⁶ ಮಿಲಿಬಾರ್‌ನಲ್ಲಿ ಕೂಡ, ಬಡಿದ ಅಣುಗಳೆಲ್ಲ ಅಂಟಿಕೊಳ್ಳುವುದಾದರೆ, ಒಂದು ಅಣುವಿನಷ್ಟು ದಪ್ಪದ ಪದರ ಮೂಡಲು ಕೆಲವೇ ಸೆಕೆಂಡುಗಳು ಸಾಕು. ನಿಮ್ಮಲ್ಲಿ ಒತ್ತಡ ಅದರ ಸಾವಿರ ಪಟ್ಟು ಇದೆ. ನೀವು ಹೇಳಿದ ಉಷ್ಣತೆಯಲ್ಲಿ ಈ ಆಕ್ಸೈಡ್ ತಾನಾಗಿ ಒಡೆಯಬೇಕಾದರೆ ಆಮ್ಲಜನಕದ ಒತ್ತಡ ಸುಮಾರು 10⁻¹⁷ ಮಿಲಿಬಾರ್‌ಗಿಂತ ಕೆಳಗಿಳಿಯಬೇಕು, ಅದು ಯಾವ ಪಂಪಿನ ಕೈಗೂ ಎಟುಕುವುದಿಲ್ಲ. ಹಾಗಿದ್ದರೂ ಒಳ್ಳೆಯ ಕುಲುಮೆಗಳಿಂದ ಉಕ್ಕು ಫಳಫಳನೆ ಹೊರಬರುವುದಕ್ಕೆ ಬೇರೆ ಕಾರಣಗಳಿವೆ: ಉಕ್ಕಿನೊಳಗಿನ ಇಂಗಾಲ ಆಕ್ಸೈಡನ್ನು ಅಪಕರ್ಷಿಸಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಪಂಪು ಆ ಅನಿಲವನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ಕ್ರಿಯೆ ಮುಂದುವರಿಯುತ್ತದೆ. ಹೊಸದಾಗಿ ಬರುವ ಆಮ್ಲಜನಕ ಇದನ್ನು ಮೀರಿಸಿದರೆ ಮಾತ್ರ ಹಸಿರು ಉಳಿಯುತ್ತದೆ.

ಆದ್ದರಿಂದ ಮೊದಲು ಸೋರಿಕೆಯನ್ನು ನೋಡಿ. ತಣ್ಣಗಿರುವಾಗ ಪಂಪಿನ ವಾಲ್ವ್ ಮುಚ್ಚಿ, ಒತ್ತಡ ಏರುವುದನ್ನು ಬರೆದುಕೊಳ್ಳಿ. ಅದು ಒಂದೇ ವೇಗದಲ್ಲಿ ಏರುತ್ತ ಹೋದರೆ ಎಲ್ಲೋ ಸೋರುತ್ತಿದೆ. ಮೊದಲು ಬೇಗ ಏರಿ ಆಮೇಲೆ ನಿಧಾನವಾದರೆ ಒಳಗೋಡೆಗೆ ಅಂಟಿದ ನೀರು ಬಿಡುಗಡೆಯಾಗುತ್ತಿದೆ. ಕ್ರೋಮಿಯಂಗೆ ನೀರಾವಿಯೂ ಆಮ್ಲಜನಕದಷ್ಟೇ ಶತ್ರು.

ಎರಡನೆಯ ಉತ್ತರ:
ಪೊರೆಯ ಕಾರಣ ಬೇರೆ. ಅದು ಉಕ್ಕಿನಿಂದ ಆವಿಯಾದ ಲೋಹ, ಮುಖ್ಯವಾಗಿ ಮ್ಯಾಂಗನೀಸ್ ಮತ್ತು ಕ್ರೋಮಿಯಂ, ಎಂದು ನನ್ನ ಅಂದಾಜು. ಶುದ್ಧ ಕ್ರೋಮಿಯಂನ ಆವಿಯ ಒತ್ತಡ 977 ಡಿಗ್ರಿಯಲ್ಲಿ 10⁻⁶ ಟಾರ್ (ಒಂದು ಟಾರ್ ಎಂದರೆ ಸುಮಾರು 1.33 ಮಿಲಿಬಾರ್), 1157 ಡಿಗ್ರಿಯಲ್ಲಿ 10⁻⁴ ಟಾರ್. ಮ್ಯಾಂಗನೀಸ್ 647 ಡಿಗ್ರಿಯಲ್ಲೇ 10⁻⁴ ಟಾರ್ ಮುಟ್ಟುತ್ತದೆ. ಹೀಗಾಗಿ ಒತ್ತಡವನ್ನು ಇನ್ನೂ ಇಳಿಸುವುದು ಎಲ್ಲ ಬಾರಿಯೂ ಒಳಿತಲ್ಲ. ಚೆನ್ನಾಗಿ ನಿರ್ವಾತ ಮಾಡಿದ ಮೇಲೆ, ಹೆಚ್ಚಿನ ಉಷ್ಣತೆಯ ಹಂತದಲ್ಲಿ ಒಂದು ಮಿಲಿಬಾರ್‌ನಷ್ಟು ಶುದ್ಧ ಆರ್ಗಾನ್ ಅನಿಲವನ್ನು ಒಳಕ್ಕೆ ಬಿಟ್ಟರೆ ಆವಿಯಾಗುವುದು ಬಹಳ ತಗ್ಗುತ್ತದೆ. ದಯವಿಟ್ಟು ಹಿತ್ತಾಳೆಯ ಯಾವ ಭಾಗವನ್ನೂ ಒಳಗಿಡಬೇಡಿ: ಅದರ ಸತು 250 ಡಿಗ್ರಿಯ ಸುಮಾರಿಗೇ ಹೊರಡಲಾರಂಭಿಸಿ ತಣ್ಣನೆಯ ಗೋಡೆಗಳಿಗೆಲ್ಲ ಹರಡುತ್ತದೆ, ಉಜ್ಜಿ ತೆಗೆಯುವುದು ದೊಡ್ಡ ಸಂಕಟ.

ಪ್ರಶ್ನೆ ಕೇಳಿದವರು:
ಪರೀಕ್ಷೆ ಮಾಡಿದೆ. ಒತ್ತಡ ಬೇಗ ಏರಿ ಆಮೇಲೆ ನಿಧಾನವಾಯಿತು. ಮಳೆಗಾಲದಲ್ಲಿ ಬಾಗಿಲನ್ನು ಬಹಳ ಹೊತ್ತು ತೆರೆದಿಟ್ಟಿದ್ದೆವು. ಬರಿದಾದ ಕುಲುಮೆಯನ್ನು 300 ಡಿಗ್ರಿಯಲ್ಲಿ ರಾತ್ರಿಯಿಡೀ ಪಂಪು ಓಡಿಸುತ್ತ ಕಾಯಿಸಿದೆವು. ಮಾರನೆಯ ದಿನ ಇಟ್ಟ ತುಂಡುಗಳಲ್ಲಿ ಹಸಿರು ಇಲ್ಲ. ಪೊರೆ ಮಾತ್ರ ಹಾಗೆಯೇ ಬಂದಿದೆ, ಮುಂದಿನ ಬಾರಿ ಆರ್ಗಾನನ್ನು ಒಳಕ್ಕೆ ಬಿಟ್ಟು ನೋಡುತ್ತೇನೆ.