ಸಹಾಯ ಬೇಕು: ಅಮ್ಮನ್ನ ಮಾಲ್ಗುಡಿಗೆ ಕರ್ಕೊಂಡು ಹೋಗ್ಬೇಕು

ಎಲ್ರಿಗೂ ನಮಸ್ಕಾರ, ನಾವು ಮುಂಬೈ ಹತ್ರದ ಡೊಂಬಿವ್ಲಿಯವ್ರು. 1987ರಲ್ಲಿ ದೂರದರ್ಶನದಲ್ಲಿ ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಸೀರಿಯಲ್ ಬರ್ತಿದ್ದಾಗ ನಮ್ಮ ಚಾಳಲ್ಲಿ ಟಿವಿ ಇದ್ದಿದ್ದು ಎರಡೇ ಮನೇಲಿ, ಅಪ್ಪ ಮೇಲೆ ಹತ್ತಿ ಆಂಟೆನಾ ತಿರುಗಿಸ್ತಾ ಬಂತಾ ಬಂತಾ ಅಂತ ಕೂಗೋರು, ನಾವು ಕೆಳಗಿಂದ ಇಲ್ಲ, ಸೀರಿಯಲ್ ಹುಡ್ಗ ಸ್ವಾಮಿಗೆ ಇನ್ನೂ ಎರಡು ತಲೆ ಕಾಣ್ತಿದೆ ಅಂತ ಕಿರುಚ್ತಿದ್ವಿ. ಹಿಂದೀಲಿ ಮಾತಾಡಿದ್ರೂ ಆ ಸ್ವಾಮಿ ನಮ್ಮ ಕನ್ನಡದ ಹುಡ್ಗನೇ ಅಂತ ಅಮ್ಮಂಗೆ ಭಾರಿ ಜಂಬ!

ಈಗ ಅಮ್ಮಂಗೆ ಆ ಸೀರಿಯಲ್ ಶೂಟಿಂಗ್ ಆಗಿದ್ದ ಆಗುಂಬೆ ದೊಡ್ಡಮನೆ ಜಗಲಿ ನೋಡೋ ಆಸೆ. ಮತ್ಸ್ಯಗಂಧ ರೈಲಲ್ಲಿ ಉಡುಪಿಗೆ ಹೋಗಿ ಘಾಟಿ ಹತ್ತೋ ಪ್ಲಾನ್, ಆದ್ರೆ ಮಂಡಿನೋವು ಬೇರೆ ಇದೆ. ಉಡುಪಿಯಿಂದ ಬಸ್ ಸಾಕಾ, ಕಾರೇ ಮಾಡ್ಬೇಕಾ? ಅರಸಾಳು ಸ್ಟೇಷನ್ನಿನ ಮಾಲ್ಗುಡಿ ಮ್ಯೂಸಿಯಂ ಅದೇ ದಿನ ಆಗುತ್ತಾ? ಈಚೆಗೆ ಹೋಗಿ ಬಂದೋರು ಯಾರಾದ್ರೂ ಇದ್ರೆ ಪ್ಲೀಸ್ ಹೇಳಿ, ಮಳೆಗಾಲ ಬಿಟ್ಟು.