ಅಪ್‌ಡೇಟ್: ಕೆಟ್ಟಿದ್ದು ಮೀಟರ್ ಅಲ್ಲ!

ಹೋದ ತಿಂಗಳು ಕೇಳಿದ್ದೆನಲ್ಲ, ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದ ಬಿಲ್ ಒಮ್ಮೆಲೇ 2,400 ಚಿಲ್ಲರೆ ಬಂದಿದೆ, ಮೀಟರ್ ಕೆಟ್ಟಿರಬಹುದಾ ಅಂತ? 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೇ ಅಲ್ವಾ.

ಅರ್ಜಿ ಬರೆದು, ಫೀಸು ಕಟ್ಟಿದ ಮೇಲೆ ಚೆಕ್ ಮೀಟರ್ (ನಮ್ಮ ಮೀಟರ್ ಸರಿ ಇದೆಯಾ ಅಂತ ತಾಳೆ ನೋಡೋಕೆ ಇನ್ನೊಂದು ಮೀಟರ್) ಹಾಕಿದರು. ಒಂದು ವಾರ ದಿನಾ ಎರಡರದ್ದೂ ಫೋಟೊ ತೆಗೆದೆ. ಎರಡರಲ್ಲೂ 74 ಯೂನಿಟ್! ಪೆಚ್ಚಾದೆ.

ಮರುದಿನ ಬೆಳಿಗ್ಗೆ ಸುಮ್ನೆ ನಮ್ಮ ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ. ಮನೆಯೆಲ್ಲ ಕತ್ತಲೆ. ಮೀಟರಿನ ಕೆಂಪು ದೀಪ ಮಾತ್ರ ಪಟಪಟ ಮಿನುಗುತ್ತಲೇ ಇತ್ತು, ಅಂದ್ರೆ ಕರೆಂಟ್ ಎಲ್ಲೋ ಖರ್ಚಾಗುತ್ತಲೇ ಇದೆ. ಎಲೆಕ್ಟ್ರಿಷಿಯನ್ ವೈರ್ ಹಿಡಿದು ಹೋದರೆ ಸಿಕ್ಕಿದ್ದು ಓನರ್ ಮನೆಯ ನೀರಿನ ಮೋಟರ್! ರಿಪೇರಿ ಮಾಡಿಸುವಾಗ ತಪ್ಪಿ ನಮ್ಮ ಲೈನಿಗೆ ಸೇರಿಸಿದ್ದರಂತೆ. ತಪ್ಪಿ ಅಂತಲೇ ಸದ್ಯ ನಂಬಿದ್ದೇನೆ.

ಬಿಲ್ ಹಣ ಬಾಡಿಗೆಯಲ್ಲಿ ಮುರಿದುಕೊಂಡೆ. ಚೆಕ್ ಮೀಟರ್ ಫೀಸು ಹೋಗಿದ್ದು ಹೋಯ್ತು.